ಬೈರಕೂರಿನ ಲೀಡ್ ಗಿಟಾರು

ಕಳೆದ ವಾರ ಮಿಕ್ಸಿ ಕೆಟ್ಟಿತೆಂದು ಕೋಲಾರದ ಬಸ್ ನಿಲ್ದಾಣದ ಹಿಂದಿರುವ ರಿಪೇರಿ ಅಂಗಡಿಗೆ ಹೋಗಿದ್ದೆ. ಅಂಗಡಿಯವರು ಬೆಸುಗೆ ಕಡ್ಡಿಯನ್ನು ಕಾಯಿಸಿ ರಾಳಕ್ಕೆ ಅದ್ದಿದರು. ಸಣ್ಣಗೆ ಹೊಗೆ ಎದ್ದಿತು. ಆ ವಾಸನೆ ಮೂಗಿಗೆ ಬಿದ್ದದ್ದೇ ತಡ, ನಾನು ಬೈರಕೂರಿನ ಒಂದು ಮನೆಯ ಜಗಲಿಯ ಮೇಲಿದ್ದೆ. ಎದುರಿಗೆ ಅಣ್ಣ ಕೂತಿದ್ದ. ತೊಡೆಯ ಮೇಲೆ ಕೆಂಪು ಗಿಟಾರನ್ನು ಬೋರಲು ಮಲಗಿಸಿಕೊಂಡು, ಒಳಗೆ ಕಿತ್ತುಹೋದ ವೈರೊಂದನ್ನು ಬೆಸೆಯುತ್ತಿದ್ದ...

ಅವನು ನನ್ನ ಒಡಹುಟ್ಟಿದವನಲ್ಲ. ಮುಳಬಾಗಿಲಿನ ನಮ್ಮ ಆರ್ಕೆಸ್ಟ್ರಾದಲ್ಲಿ ಲೀಡ್ ಗಿಟಾರು ನುಡಿಸುತ್ತಿದ್ದವನು. ನಾನು ರಿದಂ ಪ್ಯಾಡು. ವಯಸ್ಸಿನಲ್ಲಿ ನಮಗೆಲ್ಲ ಹಿರಿಯನಾದ್ದರಿಂದ ಎಲ್ಲರಿಗೂ ಅಣ್ಣನಾಗಿದ್ದ. ಮನೆಯಲ್ಲಿ ಟೊಮೇಟೊ, ಒಂದಿಷ್ಟು ಮಾವು, ಮೂರ್ನಾಲ್ಕು ಹಸು. ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಬಂದು ಸಂಜೆ ಗಿಟಾರು ಹೆಗಲಿಗೇರಿಸಿ ಬಸ್ಸು ಹತ್ತುತ್ತಿದ್ದ.

ಆ ಗಿಟಾರು ಅವನಿಗೆ ಸಿಕ್ಕಿದ್ದು ಕೆಜಿಎಫ್‌ನಲ್ಲಿ. ಗಣಿ ಮುಚ್ಚಿದ ಮೇಲೆ ಊರು ಬಿಟ್ಟು ಹೊರಟಿದ್ದ ಒಂದು ಮನೆಯವರು ಅದರ ಜೊತೆಗೆ ಒಂದು ರಟ್ಟಿನ ಡಬ್ಬದ ತುಂಬ ಕ್ಯಾಸೆಟ್‌ಗಳನ್ನೂ ಕೊಟ್ಟಿದ್ದರು. ಎಲ್ಲ ಇಂಗ್ಲಿಷ್ ರಾಕ್ ಹಾಡುಗಳು. ಯಾರೋ ಮನೆಯಲ್ಲೇ ತುಂಬಿಕೊಂಡ ಕ್ಯಾಸೆಟ್‌ಗಳವು. ಮೇಲಿನ ಬರಹ ಅಳಿಸಿಹೋಗಿತ್ತು. ಹಾಡಿದವರು ಯಾರು, ಹಾಡಿನ ಹೆಸರೇನು, ಒಂದೂ ನಮಗೆ ತಿಳಿಯದು. ಅಣ್ಣನಿಗೆ ಅದು ಬೇಕಾಗಿಯೂ ಇರಲಿಲ್ಲ. ಹಾಡುವವರು ಬಾಯಿ ಮುಚ್ಚಿ ಗಿಟಾರೊಂದೇ ಮುಂದೆ ಬರುವ ಆ ಮಧ್ಯದ ಭಾಗಕ್ಕೆ ಟೇಪನ್ನು ಓಡಿಸುತ್ತಿದ್ದ.

"ಹಾಡು ಅವರದು ಕಣೋ. ಈ ಸೋಲೋ ಮಾತ್ರ ಯಾರು ಕೇಳ್ತಾರೋ ಅವರದು" ಅನ್ನುತ್ತಿದ್ದ.

ಹೆಸರು ಗೊತ್ತಿಲ್ಲದ ಸೋಲೋಗಳಿಗೆ ತಾನೇ ಹೆಸರಿಟ್ಟಿದ್ದ. ಒಂದಕ್ಕೆ 'ಗೂಡ್ಸ್ ಗಾಡಿ'. ಇನ್ನೊಂದಕ್ಕೆ 'ಅತ್ತೆ ಸೊಸೆ'. ಅದರಲ್ಲಿ ಎರಡು ಗಿಟಾರುಗಳು ಒಂದರ ಮಾತಿಗೆ ಇನ್ನೊಂದು ಎದುರು ಹೇಳುತ್ತಿದ್ದವು. ಅವನ ಪ್ರಾಣವೆಲ್ಲ ಇದ್ದದ್ದು 'ಕೋಡಿ' ಎಂಬುದರಲ್ಲಿ. ಅದು ಒಂದೊಂದೇ ಸ್ವರವಾಗಿ, ಕೆರೆಗೆ ನೀರು ಬರುತ್ತದೋ ಇಲ್ಲವೋ ಎಂಬಂತೆ ಶುರುವಾಗುತ್ತಿತ್ತು. ನಿಧಾನಕ್ಕೆ ತುಂಬುತ್ತ, ಏರುತ್ತ ಬಂದು, ಇನ್ನು ತಡೆಯದು ಅನ್ನುವಾಗ ಒಂದು ಸ್ವರ ಮೇಲಕ್ಕೆ ಬಾಗಿ, ಅಲ್ಲೇ ನಡುಗಿ, ಆಮೇಲೆ ಎಲ್ಲವೂ ಒಟ್ಟಿಗೆ ಧುಮ್ಮಿಕ್ಕುತ್ತಿತ್ತು. ಆ ಒಂದು ಸ್ವರಕ್ಕಾಗಿ ತಂತಿಯನ್ನು ಎರಡು ಬೆರಳು ಸೇರಿಸಿ ಮೇಲಕ್ಕೆ ತಳ್ಳಬೇಕು. ಅದನ್ನು ಸರಿಯಾಗಿ ಹಿಡಿಯಲು ಅವನಿಗೆ ವರ್ಷಗಳೇ ಬೇಕಾದವು.

ಮದುವೆ ಆರ್ಕೆಸ್ಟ್ರಾದಲ್ಲಿ ಅದಕ್ಕೆ ಜಾಗ ಎಲ್ಲಿ? ಸಿನಿಮಾ ಹಾಡಿನ ನಡುವೆ ಬರುವ ಚೂರುಪಾರು ಬಿಟ್‌ಗಳನ್ನು ನುಡಿಸಿ ಅಣ್ಣ ಹಿಂದಕ್ಕೆ ಸರಿಯುತ್ತಿದ್ದ. ಜನರೆದುರು 'ಕೋಡಿ' ನುಡಿಸಿದ್ದು ಒಂದೇ ಸಲ, ಸುಗಟೂರಿನಲ್ಲಿ. ಗಾಯಕರು ಬರಬೇಕಾದ ಬಸ್ಸು ದಾರಿಯಲ್ಲಿ ಕೆಟ್ಟಿತ್ತು. ಜನ ಗಲಾಟೆ ಮಾಡತೊಡಗಿದ್ದರು. ಅಣ್ಣ ನನ್ನ ಕಡೆ ತಿರುಗಿ, "ಸುಮ್ನೆ ತಾಳ ಹಿಡ್ಕೊಂಡಿರು, ಏನೂ ಮಾಡ್ಬೇಡ" ಅಂದ.

ಅವನು ಮುಗಿಸುವ ಹೊತ್ತಿಗೆ ಪೆಂಡಾಲಿನಲ್ಲಿ ಸದ್ದಿರಲಿಲ್ಲ. ಚಪ್ಪಾಳೆಯೂ ಇಲ್ಲ. ಮುಂದೆ ಚಾಪೆಯ ಮೇಲೆ ಕೂತಿದ್ದ ಒಬ್ಬ ಅಜ್ಜಿ ತೆಲುಗಿನಲ್ಲಿ, "ಎಂದುಕು ನಾಯನಾ ಅದಿ ಅಟ್ಲಾ ಏಡುಸ್ತುಂದಿ?" ಎಂದರು. ಅದ್ಯಾಕಪ್ಪ ಹಾಗೆ ಅಳುತ್ತೆ, ಅಂತ. ಅಣ್ಣ ಗಿಟಾರು ಕೊರಳಲ್ಲಿದ್ದ ಹಾಗೇ ಆ ಅಜ್ಜಿಗೆ ಕೈಮುಗಿದ.

ಅದಾಗಿ ಕೆಲವೇ ತಿಂಗಳಿಗೆ... ಶ್ರೀನಿವಾಸಪುರದಲ್ಲಿ ಒಂದು ಆರತಕ್ಷತೆ ಮುಗಿಸಿ, ನಿದ್ದೆಯಿಲ್ಲದೆ ಮನೆಗೆ ಹೋದವನು ಬೆಳಿಗ್ಗೆ ಹಸುಗಳಿಗೆಂದು ಮೇವು ಕತ್ತರಿಸುವ ಯಂತ್ರ ಹಾಕಿದ್ದಾನೆ. ಹುಲ್ಲಿನ ಜೊತೆ ಎಡಗೈಯೂ ಒಳಗೆ ಹೋಯಿತು. ಮಧ್ಯದ ಬೆರಳು, ಉಂಗುರದ ಬೆರಳು, ಎರಡೂ ಬುಡದ ಗೆಣ್ಣಿನವರೆಗೆ ಇಲ್ಲವಾದವು.

ಆಸ್ಪತ್ರೆಯಲ್ಲಿ ನಾನು ಹತ್ತಿರ ಹೋದಾಗ ಅವನು ಹೇಳಿದ್ದು ಒಂದೇ ಮಾತು. "ಎಡಗೈ ಕಣೋ."

ಗಿಟಾರಿನಲ್ಲಿ ಬಲಗೈ ತಂತಿಯನ್ನು ಮೀಟುತ್ತದಷ್ಟೆ. ಸ್ವರ ಹುಡುಕುವುದು, ಹಿಡಿಯುವುದು, ಬಾಗಿಸುವುದು ಎಲ್ಲ ಎಡಗೈ. ಅದು ಇಬ್ಬರಿಗೂ ಗೊತ್ತಿತ್ತು.

ಆಮೇಲೆ ನಾನೇ ಒಂದು ಸುದ್ದಿ ತಂದೆ. ಪರದೇಶದಲ್ಲಿ ಒಬ್ಬ ರಾಕ್ ಗಿಟಾರಿಸ್ಟ್ ಕಾರ್ಖಾನೆಯ ಯಂತ್ರದಲ್ಲಿ ಬೆರಳ ತುದಿಗಳನ್ನು ಕಳೆದುಕೊಂಡು, ಪ್ಲಾಸ್ಟಿಕ್ ಕರಗಿಸಿ ಟೊಪ್ಪಿಗಳನ್ನು ಮಾಡಿ ಬೆರಳಿಗೆ ಹಾಕಿಕೊಂಡು ಮತ್ತೆ ನುಡಿಸಿದನಂತೆ. ದೊಡ್ಡ ಹೆಸರು ಮಾಡಿದನಂತೆ. ಕೇಳಿ ಅಣ್ಣನ ಮುಖ ಹೇಗಾಯಿತೆಂದರೆ... ಅದನ್ನು ನೆನೆಯಲು ಈಗಲೂ ಕಷ್ಟವಾಗುತ್ತದೆ. ಮಾರನೇ ದಿನದಿಂದಲೇ ಶುರು. ಬಾಟಲಿ ಮುಚ್ಚಳ ಕರಗಿಸಿದ. ಚಪ್ಪಲಿ ಹೊಲಿಯುವವರ ಹತ್ತಿರ ತೊಗಲು ಸುತ್ತಿಸಿದ. ಒಂದಾದರೂ ನಿಲ್ಲಲಿಲ್ಲ. ತಂತಿ ಒತ್ತಿದರೆ ಜಾರುವುದು, ಬಾಗಿಸಹೋದರೆ ಕಳಚಿ ಬೀಳುವುದು. ಗಾಯ ಮತ್ತೆ ಬಾಯಿಬಿಟ್ಟಿತು.

"ಅವನಿಗೆ ಹೋಗಿದ್ದು ತುದಿ. ನಂದು ಬುಡಾನೇ ಇಲ್ವಲ್ಲೋ" ಅಂದ ಒಂದು ದಿನ. ಸಿಟ್ಟೇನೂ ಇರಲಿಲ್ಲ ಆ ಮಾತಿನಲ್ಲಿ.

ಕೊನೆಗೆ ತಂತಿಗಳನ್ನೆಲ್ಲ ಬಿಚ್ಚಿ ಉಲ್ಟಾ ಕಟ್ಟಿ, ಕೈ ಬದಲಾಯಿಸಿದ. ಬಲಗೈಗೆ ಮಗುವಿಗೆ ಅಕ್ಷರ ತಿದ್ದಿಸುವ ಹಾಗೆ ಸ್ವರ ಕಲಿಸಿದ. ಒಂದು ವರ್ಷದ ಮೇಲಾಯಿತು ಅನ್ನಿಸುತ್ತದೆ. ಒಂದು ಮಧ್ಯಾಹ್ನ ನನ್ನನ್ನು ಕರೆಸಿ ಜಗಲಿಯ ಮೇಲೆ ಕೂರಿಸಿಕೊಂಡು 'ಕೋಡಿ' ಎತ್ತಿಕೊಂಡ. ತಡವರಿಸುತ್ತಲೇ ತುಂಬ ದೂರ ಬಂದ. ಆ ಬಾಗುವ ಸ್ವರದ ಹತ್ತಿರ ಕೈ ನಿಂತಿತು. ಇನ್ನೊಮ್ಮೆ ಹಿಂದಿನಿಂದ ಬಂದ. ಮತ್ತೆ ಅಲ್ಲೇ ನಿಂತಿತು. ಬೆರಳಿಗೆ ಗೊತ್ತಿದ್ದದ್ದು ಆ ಬೆರಳುಗಳ ಜೊತೆಗೇ ಹೋಗಿತ್ತು.

"ನೀರು ತುಂಬ್ತದೆ. ಕೋಡಿ ಹೋಗಲ್ಲ" ಅಂದ. ಗಿಟಾರನ್ನು ಚೀಲಕ್ಕೆ ಹಾಕಿ ಜಿಪ್ಪು ಎಳೆದ. ಆಮೇಲೆ ಅದನ್ನು ಯಾರಿಗೆ ಕೊಟ್ಟನೋ, ನನಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ.

ನಮ್ಮ ಆರ್ಕೆಸ್ಟ್ರಾವೂ ಹೆಚ್ಚು ದಿನ ಉಳಿಯಲಿಲ್ಲ. ಡಿಜೆ ಬಂತು, ಟ್ರ್ಯಾಕ್ ಹಾಕಿ ಹಾಡುವವರು ಬಂದರು. ನಾನು ಕೋಲಾರಕ್ಕೆ ಬಂದು ಬೇರೆ ಕೆಲಸ ಹಿಡಿದೆ. ಅಣ್ಣ ತಡವಾಗಿ ಮದುವೆಯಾದ. ಊರಿಗೆ ಹೋದಾಗೆಲ್ಲ ಮಾತಾಡಿಸುತ್ತಿದ್ದೆ. ಟೊಮೇಟೊ, ಹಸು, ಬೋರ್‌ವೆಲ್ಲು... ಎಲ್ಲ ಮಾತಾಡುತ್ತಿದ್ದ. ಒಂದು ಸಲ ಮಾತ್ರ ಧೈರ್ಯ ಮಾಡಿ, ಈಗಲೂ ಆ ಕ್ಯಾಸೆಟ್‌ಗಳನ್ನು ಕೇಳ್ತೀಯಾ ಎಂದು ಕೇಳಿದೆ.

"ಇಲ್ಲ ಕಣೋ. ಕೇಳಿದ್ರೆ ಬೆರಳು ನೋಯ್ತವೆ."

ಯಾವ ಬೆರಳು ಎಂದು ಕೇಳುವ ಅಗತ್ಯವಿರಲಿಲ್ಲ.

ಕೊರೊನಾದ ಎರಡನೇ ಅಲೆಯಲ್ಲಿ ಅಣ್ಣ ಹೋದ. ಫೋನಿನಲ್ಲಿ ತಿಳಿಯಿತು. ರಸ್ತೆಗಳೆಲ್ಲ ಬಂದ್ ಆಗಿದ್ದವು. ಮಣ್ಣಿಗೂ ಹೋಗಲಾಗಲಿಲ್ಲ.

ಮಿಕ್ಸಿ ರಿಪೇರಿಯಾದ ಮಾರನೇ ದಿನ ಭಾನುವಾರವಾಗಿತ್ತು. ಬಸ್ಸು ಹತ್ತಿ ಬೈರಕೂರಿಗೆ ಹೋದೆ. ಅತ್ತಿಗೆ ಟೀ ಕೊಟ್ಟು ಬಾಗಿಲ ಹತ್ತಿರ ಕೂತರು. ಕ್ಯಾಸೆಟ್ ಡಬ್ಬದ ಬಗ್ಗೆ ವಿಚಾರಿಸಿದೆ. ಅಂಥದ್ದೊಂದು ಮನೆಯಲ್ಲಿತ್ತೆಂಬುದೇ ಅವರಿಗೆ ಗೊತ್ತಿರಲಿಲ್ಲ. ಆಮೇಲೆ ಅವರೇ ಕೇಳಿದರು.

"ಅವರು ಗಿಟಾರು ಬಾರಿಸ್ತಿದ್ರು ಅಂತ ಊರಲ್ಲಿ ಅಂತಾರೆ. ನಾನು ಬಂದ್ಮೇಲೆ ಒಂದಿನಾನೂ ಮುಟ್ಟಿದ್ದು ನೋಡ್ಲಿಲ್ಲ. ಚೆನ್ನಾಗಿ ಬಾರಿಸ್ತಿದ್ರಾ?"

"ಚೆನ್ನಾಗಿ ಬಾರಿಸ್ತಿದ್ದ" ಎಂದೆ.

"ಹೆಂಗಿತ್ತು?"

ನಾವು ಯಾರೂ ಅವನ ಗಿಟಾರನ್ನು ರೆಕಾರ್ಡ್ ಮಾಡಿಟ್ಟಿರಲಿಲ್ಲ. 'ಕೋಡಿ' ಇದ್ದ ಆ ಹಾಡಿನ ಹೆಸರು ನನಗೆ ಗೊತ್ತಿಲ್ಲ. ಮೊಬೈಲಿನಲ್ಲಿ ಹುಡುಕಿ ಕೇಳಿಸೋಣವೆಂದರೆ ಏನೆಂದು ಹುಡುಕುವುದು? ಬಾಯಲ್ಲಿ ಗುನುಗಲು ನೋಡಿದೆ. ಗಂಟಲಿನಿಂದ ಎರಡು ಸ್ವರ ಹೊರಟವು, ಅವೂ ಸರಿಯಿರಲಿಲ್ಲ. ಅತ್ತಿಗೆ ಇನ್ನೂ ಬರಬಹುದೆಂದು ನನ್ನ ಮುಖವನ್ನೇ ನೋಡುತ್ತ ಕೂತಿದ್ದರು.