ಮೆಣಸಿನಕಾಯಿ ಚೀಲದಡಿಯ ಗಾಗ್ರಾ

ಅದು ೨೦೦೯ರ ಬೇಸಿಗೆ. ನನ್ನ ಲಗ್ನ ನಿಕ್ಕಿಯಾಗಿತ್ತು. ಹುಡುಗ ಹಾವೇರಿಯವನು, ಕೋರ್ಟಿನಲ್ಲಿ ಕೆಲಸ. ನಾವು ಬ್ಯಾಡಗಿಯವರು, ಅಪ್ಪನದು ಮೆಣಸಿನಕಾಯಿ ವ್ಯಾಪಾರ. ನನಗಾಗಲೇ ಇಪ್ಪತ್ತೊಂಬತ್ತು ತುಂಬಿತ್ತು. ತಡವಾದದ್ದಕ್ಕೆ ಕಾರಣ ಮುಚ್ಚಿಡುವುದೇನೂ ಇಲ್ಲ. ಚಿಕ್ಕಂದಿನಿಂದ ನನ್ನ ಕುತ್ತಿಗೆ, ತೋಳುಗಳ ಮೇಲೆ ತೊನ್ನಿನ ಬಿಳಿ ಮಚ್ಚೆಗಳಿವೆ. ಅಂಟುವ ರೋಗವಲ್ಲ, ನೋವೂ ಇಲ್ಲ. ಆದರೆ ನೋಡಲು ಬಂದ ಗಂಡುಗಳೆಲ್ಲ ಅವಲಕ್ಕಿ ತಿಂದು, ಚಹಾ ಕುಡಿದು, ಬಂದ ದಾರಿ ಹಿಡಿದಿದ್ದರು.

ಈ ಹುಡುಗನಿಗೆ ಮೊದಲೇ ತೋರಿಸಿದ್ದೆವು. "ನನಗೇನೂ ಅಡ್ಡಿ ಇಲ್ರಿ" ಅಂದಿದ್ದ. ಆ ಒಂದು ಮಾತು ಹಿಡಿದುಕೊಂಡು ನಾನು ಎರಡು ತಿಂಗಳು ಹಿಗ್ಗಿ ಹೀರೇಕಾಯಿಯಾಗಿದ್ದೆ. ಅವನ ತಾಯಿ ಮಾತ್ರ ಕರಾರು ಹಾಕಿದರು.

"ನಮಗ ಗೊತ್ತಾತು, ಮುಗೀತು. ಮಂದಿಗೆ ಯಾಕ ಗೊತ್ತಾಗಬೇಕು? ಲಗ್ನದಾಗ ಒಟ್ಟ ಕಾಣಬಾರದು ನೋಡ್ರಿ. ಕಂಡ್ರ ನಾ ಸುಮ್ಮನ ಕುಂದ್ರಾಕಿ ಅಲ್ಲ."

ಧಾರೆಯ ಹೊತ್ತಿಗೆ ತಲೆಯ ಮೇಲಿಂದ ಸೆರಗು ಹೊದೆಯುವುದು ಇದ್ದೇ ಇತ್ತು. ಚಿಂತೆಯೆಲ್ಲ ಹಿಂದಿನ ಸಂಜೆಯ ರಿಸೆಪ್ಷನ್ನಿನದು. ರಾಣೆಬೆನ್ನೂರಿನ ಅಂಗಡಿಗಳನ್ನೆಲ್ಲ ತಿರುಗಿದೆ. ಎಲ್ಲಿ ನೋಡಿದರೂ ಬೆನ್ನು ಬಿಟ್ಟ, ತೋಳು ಬಿಟ್ಟ ಬಟ್ಟೆಗಳೇ. "ಇಂಥ ಬ್ಯಾಸಿಗ್ಯಾಗ ಕುತ್ತಿಗಿ ಮುಚ್ಚೂದು ಯಾರು ಕೇಳ್ತಾರ್ರಿ?" ಎಂದು ನಕ್ಕವರೂ ಇದ್ದರು. ಹೊಲಿಸೋಣವೆಂದರೆ ಅಳತೆ ಕೊಡಬೇಕು. ನಮ್ಮೂರ ಟೇಲರಿಗೆ ಹಾವೇರಿಯಲ್ಲೂ ಗಿರಾಕಿಗಳು, ಅವನಿಗೆ ಕುತ್ತಿಗೆ ತೋರಿಸಿದರೆ ಅಲ್ಲಿ ಡಂಗುರ ಸಾರಿದಂತೆಯೇ.

ಕೊನೆಗೆ ರಾಣೆಬೆನ್ನೂರಿನಲ್ಲಿ ನೆಟ್ ಸೆಂಟರ್ ನಡೆಸುತ್ತಿದ್ದ ಗೆಳತಿ ಶೋಭಾ ಕಂಪ್ಯೂಟರಿನಲ್ಲಿ ಹುಡುಕಿಕೊಟ್ಟಳು. ಕೆನೆಬಣ್ಣದ ಸ್ಯಾಟಿನ್ ಗಾಗ್ರಾ, ಅದರ ಮೇಲಂಗಿಗೆ ಮಣಿಕಟ್ಟಿನವರೆಗೆ ತೋಳು, ಗಂಟಲು ಮುಚ್ಚುವ ಕಾಲರು. ಅವಳ ಗಂಡನ ಕಾರ್ಡಿನಿಂದಲೇ ತರಿಸಿದೆವು. ಕಣ್ಣಿನಿಂದ ಕಾಣದ, ಕೈಯಿಂದ ಮುಟ್ಟದ ಬಟ್ಟೆಯನ್ನು ಕೊಳ್ಳುವುದು ಅವ್ವನಿಗೆ ದೊಡ್ಡ ಹುಚ್ಚಾಟವಾಗಿ ಕಂಡಿತ್ತು.

ಪಾರ್ಸೆಲ್ಲು ಬಂದದ್ದು ರಿಸೆಪ್ಷನ್ನಿಗೆ ಎರಡು ದಿನ ಇರುವಾಗ. ಊಟದ ಡಬ್ಬಿಯಷ್ಟು ಪೊಟ್ಟಣ! ಬಿಚ್ಚಿದರೆ ಅಳತೆ, ಕಾಲರು, ತೋಳು ಎಲ್ಲ ಸರಿ. ಆದರೆ ಮೈತುಂಬ ಸುಕ್ಕು. ದನ ಅಗಿದು ಉಗುಳಿದಂತಿತ್ತು. ಇಸ್ತ್ರಿಯವನು ಅಂಚಿಗೆ ಪೆಟ್ಟಿಗೆ ತಾಗಿಸಿದ್ದೇ ತಡ, ಚುರ್ ಅಂದು ಮುದುಡಿತು. "ನಾ ಒಲ್ಲೆ ಅಕ್ಕಾರ, ಕರಗಿ ಹೋಕ್ಕೈತಿ" ಎಂದು ಕೈಯೆತ್ತಿಬಿಟ್ಟ. ಅವ್ವ ಬಚ್ಚಲಲ್ಲಿ ಬಿಸಿನೀರಿನ ಹಬೆಗೆ ತೂಗುಹಾಕಿದಳು. ಒಂದು ಸುಕ್ಕೂ ಅಲುಗಲಿಲ್ಲ. ನಾನು ಗೋಡೆಗೆ ಒರಗಿ ಅಳುತ್ತ ಕೂತೆ.

ಅಪ್ಪನಿಗೆ ನನ್ನ ಅಳು ತಡೆಯಲಾಗುವುದಿಲ್ಲ. "ಬ್ಯಾಡಗಿ ಕಾಯಿಗೆ ಸುಕ್ಕು ಇದ್ರನ ಕಿಮ್ಮತ್ತು, ನೀ ಸುಕ್ಕಿಗೆ ಅಳತೀಯಲ್ಲ" ಎಂದು ನಗಿಸಲು ನೋಡಿದ. ನಾನು ನಗಲಿಲ್ಲ. ಅಪ್ಪ ಗಾಗ್ರಾವನ್ನು ತನ್ನ ಹೊಸ ಧೋತರದಲ್ಲಿ ಸುತ್ತಿ ಅಂಗಡಿಗೆ ಒಯ್ದ.

ನಮ್ಮಲ್ಲಿ ಒಣಮೆಣಸಿನಕಾಯಿಯನ್ನು ಚೀಲಕ್ಕೆ ತುಂಬುವ ಮುಂಚೆ ನೀರು ಚಿಮುಕಿಸುತ್ತಾರೆ. ಕಾಯಿ ಮೆತ್ತಗಾಗಿ, ತುಳಿದು ತುಂಬಿದರೂ ಮುರಿಯುವುದಿಲ್ಲ. ಅಪ್ಪ ಜೀವನವಿಡೀ ಮಾಡಿದ್ದು ಅದನ್ನೇ. ಗಾಗ್ರಾಕ್ಕೂ ಹಾಗೆಯೇ ನೀರು ಚಿಮುಕಿಸಿ, ಧೋತರದಲ್ಲಿ ಮಡಿಸಿ, ಆಗಷ್ಟೇ ತುಂಬಿದ ಹಸಿ ಚೀಲಗಳ ಅಡಿಗೆ ಇಟ್ಟು ಬಂದಿದ್ದ.

ಮರುದಿನ ಮುಂಜಾನೆ ಓಡೋಡಿ ಬಂದ. "ಸುಮಾ, ಲಗೂ ಬಾ, ಸುಕ್ಕು ಎಲ್ಲಾ ಹೋಗ್ಯಾವ ನೋಡವ್ವಾ!" ಖರೇ, ಒಂದೂ ಸುಕ್ಕು ಇರಲಿಲ್ಲ. ಕನ್ನಡಿಯಂತೆ ನುಣುಪಾಗಿತ್ತು. ಆದರೆ ಎದೆ, ಕಾಲರು, ತೋಳಿನ ಮೇಲೆಲ್ಲ ಕೆಂಪು ಇಳಿದಿತ್ತು. ಬ್ಯಾಡಗಿ ಕಾಯಿಯ ಬಣ್ಣ ಕೇಳಬೇಕೆ? ಅಪ್ಪನಿಗೆ ಕಣ್ಣು ಮಂದ, ಅಂಗಡಿಯ ಕತ್ತಲಲ್ಲಿ ಅದು ಕಂಡೇ ಇರಲಿಲ್ಲ. ಬಿಸಿಲಿಗೆ ಹಿಡಿದು ನೋಡಿದವನು ಹಾಗೆಯೇ ಕಟ್ಟೆಯ ಮೇಲೆ ಕುಸಿದು ಕೂತ. ಅವ್ವ ತೊಳೆದಳು, ಉಜ್ಜಿದಳು. ಕೆಂಪು ಇನ್ನಷ್ಟು ಹರಡಿತು.

ಹೀಗಾಗಿ ರಿಸೆಪ್ಷನ್ನಿಗೆ ಧಾರೆಯ ಸೀರೆಯನ್ನೇ ಉಟ್ಟೆ. ಅದಕ್ಕೆ ಹಳೆಯ ರವಿಕೆಯ ಅಳತೆ ಕೊಟ್ಟು ಹೊಲಿಸಿದ ಉದ್ದ ತೋಳಿನ ರವಿಕೆ ಇತ್ತು. ಕುತ್ತಿಗೆಗೆ ಸೆರಗು ಸುತ್ತಿ ಪಿನ್ನು ಹಾಕಿಕೊಂಡೆ. ಹಾವೇರಿಯ ಕಲ್ಯಾಣ ಮಂಟಪ, ಕೆಂಡದಂಥ ಸೆಖೆ. ಹುಡುಗ ಪಕ್ಕದಲ್ಲಿ ನಗುನಗುತ್ತ ನಿಂತಿದ್ದ. ಅವನ ಸೋದರತ್ತೆ ಅರಿಷಿಣ ಕುಂಕುಮದ ಬಟ್ಟಲು ಹಿಡಿದು ಮೇಲೆ ಬಂದರು. ಗಲ್ಲಕ್ಕೆ ಅರಿಷಿಣ ಹಚ್ಚಿದರು. ಗಂಟಲಿಗೂ ಹಚ್ಚುವುದು ಪದ್ಧತಿ. "ಇಷ್ಟು ಯಾಕ ಬಿಗದೀದಿ ಕೂಸಽ" ಎಂದು ಪ್ರೀತಿಯಿಂದಲೇ ಪಿನ್ನು ತೆಗೆದು ಸೆರಗು ಸರಿಸಿದರು.

"ಅಯ್ಯ ಶಿವನ! ಇದೇನಿದು? ತೊನ್ನಽ?"

ಮುಂದೆ ಕೂತವರೆಲ್ಲ ಕತ್ತು ಚಾಚಿ ನೋಡಿದರು. ಅವನ ತಾಯಿ ಮುಂದಿನ ಸಾಲಿನಿಂದ ಎದ್ದರು. "ನಾ ಏನ್ ಹೇಳಿದ್ದೆ? ಮಂದ್ಯಾಗ ನನ್ನ ಮಾನ ಕಳದ್ರಿ. ಈ ಲಗ್ನ ಆಗೂದಿಲ್ಲ. ನಡಿಯೋ ಮಗನ."

ಅಪ್ಪ ಓಡಿಬಂದು ಅವರ ಕಾಲು ಹಿಡಿದ. "ತಪ್ಪು ನಂದ್ರೀ ಯವ್ವಾ. ಮುಚ್ಚೂ ಅಂಗಿನ ತರಿಸಿದ್ದಳು. ಕೆಡಿಸಿದಾಂವ ನಾನು. ಆಕಿದೇನೂ ತಪ್ಪಿಲ್ರಿ." ಅವರು ಕಾಲು ಎಳೆದುಕೊಂಡರು.

ನಾನು ಹುಡುಗನ ಮುಖ ನೋಡಿದೆ. ಅಡ್ಡಿ ಇಲ್ಲ ಅಂದಿದ್ದವನು ಅವನೇ. ಅದನ್ನೇ ಈಗ ಇನ್ನೊಮ್ಮೆ ಅಂದರೆ ಸಾಕಿತ್ತು, ಜೋರಾಗಿ ಕೂಡ ಬೇಡ. ಅವನು ಕೊರಳಿನ ಮಾಲೆ ತೆಗೆದು ಕುರ್ಚಿಯ ಮೇಲಿಟ್ಟ. ನನ್ನತ್ತ ನೋಡದೆ ತಾಯಿಯ ಹಿಂದೆ ಇಳಿದುಹೋದ.

ಟೆಂಪೋದಲ್ಲಿ ಮರಳಿದೆವು. ಮೋಟೆಬೆನ್ನೂರು ದಾಟುವಾಗ ಅಪ್ಪ, "ಹುಬ್ಬಳ್ಳಿಗೆ ಒಯ್ದು ಇಸ್ತ್ರಿ ಮಾಡಿಸಬೇಕಿತ್ತು" ಅಂದ. ಅಷ್ಟೇ.

ನಾನು ಮತ್ತೆ ಲಗ್ನದ ಗೋಜಿಗೆ ಹೋಗಲಿಲ್ಲ. ಊರಲ್ಲೇ ಮಕ್ಕಳಿಗೆ ಟ್ಯೂಷನ್ ಹೇಳುತ್ತೇನೆ. ಅಪ್ಪನಿಗೀಗ ಎಂಬತ್ತು ದಾಟಿದೆ. ಈಗಲೂ ಒಮ್ಮೊಮ್ಮೆ ನನ್ನ ಕೈ ಹಿಡಿದು, "ನಿನ್ನ ಬಾಳೇವು ನಾ ಕೆಡಿಸಿದೆ ಸುಮಾ" ಅನ್ನುತ್ತಾನೆ. "ಅಂಗಿ ಇದ್ದಿದ್ರೂ ಅಂಥಾವ ನನ್ನ ಕೂಡ ಎಷ್ಟು ದಿನ ನಿಂತಿರತಿದ್ದ, ಅಪ್ಪಾ?" ಅನ್ನುತ್ತೇನೆ. ಅಪ್ಪ ತಲೆ ಅಲ್ಲಾಡಿಸುತ್ತಾನೆ, ನಂಬುವುದಿಲ್ಲ. ಆವತ್ತು ಅವನು ಹುಡುಗನ ತಾಯಿಯ ಕಾಲು ಹಿಡಿದು ಬಗ್ಗಿದ್ದ. ಆ ಹುಡುಗನ ಮುಖ ಅವನು ನೋಡಲೇ ಇಲ್ಲ, ನೋಡಿದವಳು ನಾನೊಬ್ಬಳೇ.