ಏಳ್ರಿ ಎನ್ನಲು ಬಾರದ ಸರ್ವರು

ಸವಣೂರಿನ ನಮ್ಮ ಮನೆಯಲ್ಲಿ ಬಂದವರಿಗೆ ‘ಕುಂದರ್ರಿ’ ಎನ್ನುವವರು ಐದು ಜನರಿದ್ದೆವು. ‘ಏಳ್ರಿ’ ಎನ್ನುವವರು ಒಬ್ಬರೂ ಇರಲಿಲ್ಲ. ಬಂಕಾಪುರದಿಂದ ಸುಮ್ಮನೆ ಮಾತಾಡಿಸಲು ಬಂದವರು ಚಹಾ ಮುಗಿಸಿ, ಎರಡನೆಯ ಚಹಾ ಮುಗಿಸಿ, ಅಪ್ಪನ ಊಟದ ಹೊತ್ತನ್ನೂ ಮುಗಿಸಿ ತಾವಾಗಿ ಚಪ್ಪಲಿ ಮೆಟ್ಟುವವರೆಗೆ ಅಪ್ಪ ತೂಕಡಿಸುತ್ತಲೇ ಹೂಂಗುಡುತ್ತಿದ್ದ. ಇದನ್ನು ನಾವು ಸಂಸ್ಕೃತಿ ಎನ್ನುತ್ತಿದ್ದೆವು. ಅಪ್ಪನ ಸೊಂಟ ಏನೆನ್ನುತ್ತಿತ್ತೋ ತಿಳಿಯದು.

ಎಂಬತ್ತರ ದಶಕದ ಕೊನೆಗೆ ನಾನು ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ಓದುತ್ತಿದ್ದೆ. ಅಂತಿಮ ವರ್ಷದ ಪ್ರಾಜೆಕ್ಟಿಗೆ ಸ್ಕೀಮ್ ಎಂಬ ಭಾಷೆಯಲ್ಲಿ ಪುಟ್ಟದೊಂದು ಸರ್ವರು ಬರೆಯುವುದೆಂದಾಯಿತು. ಸ್ಕೀಮ್ ಎಂದ ಕೂಡಲೇ ಓಣಿಯವರು ಎಮ್ಮೆ ಮಂಜೂರಾಗುವುದೋ ಹೊಲಿಗೆ ಯಂತ್ರವೋ ಎಂದು ವಿಚಾರಿಸಿದರು. ಸರ್ವರು ಎಂದರೆ, ಓದುಗರೇ, ಯಂತ್ರದೊಳಗೆ ಬಾಗಿಲು ತೆರೆದು ಕೂತಿರುವ ಪ್ರೋಗ್ರಾಮು. ಆ ಬಾಗಿಲಿನ ಹೆಸರು ಸಾಕೆಟ್. ತಂತಿಯ ಮೇಲೆ ಬೇರೆ ಯಂತ್ರದಿಂದ ಬಂದವರನ್ನು ಒಳಗೆ ಕರೆದು, ಉತ್ತರ ಕೊಟ್ಟು, ಅವರು ‘ಸಾಕು’ ಎಂದು ಬರೆದು ಹೊರಟ ಮೇಲೆ ಮುಂದಿನವರನ್ನು ಕರೆಯಬೇಕು. ಊರಿನ ಹೆಸರು ಕೊಟ್ಟರೆ ಸವಣೂರಿನಿಂದ ಅಲ್ಲಿಗೆಷ್ಟು ದೂರವೆಂದು ನನ್ನ ಸರ್ವರು ಹೇಳುತ್ತಿತ್ತು.

ಪಾಸಾದರೆ ಹಾನಗಲ್ಲಿನ ಕಾಲೇಜೊಂದರಲ್ಲಿ ಕಲಿಸುವ ಕೆಲಸ. ಇಲ್ಲವಾದರೆ ಶಿಗ್ಗಾಂವದ ಒಂದು ಮನೆತನಕ್ಕೆ ಅಪ್ಪ ಮಾತು ಕೊಡುವವನಿದ್ದ. ಆ ವರನ ಬಗ್ಗೆ ನನಗೆ ದೂರೇನೂ ಇರಲಿಲ್ಲ; ಪರಿಚಯವೂ ಇರಲಿಲ್ಲ.

ಸ್ಕೀಮಿನಲ್ಲಿ ತೆರೆದ ಪ್ರತಿಯೊಂದು ಕಂಸವನ್ನೂ ಮುಚ್ಚಬೇಕು. ಒಂದನ್ನೂ ಬಿಡದೆ ಮುಚ್ಚಿದ್ದೆ. ಬಂದವರು ತಾವಾಗಿ ಹೋಗದಿದ್ದರೆ ಏನು ಮಾಡಬೇಕೆಂಬ ಸಾಲನ್ನು ಮಾತ್ರ ಬರೆದಿರಲಿಲ್ಲ. ಮರೆತದ್ದಲ್ಲ, ನಮ್ಮ ಮನೆಯಲ್ಲಿ ಬೆಳೆದವರಿಗೆ ಅಂಥ ಪ್ರಶ್ನೆ ಹೊಳೆಯುವುದಿಲ್ಲ.

ಪರೀಕ್ಷೆಯ ದಿನ ಇಬ್ಬರು ಪರೀಕ್ಷಕರು ಬಂದರು. ಹಿರಿಯರು ಮೊದಲ ಯಂತ್ರದಲ್ಲಿ ಹಿರೇಕೆರೂರು ಎಂದು ಬರೆದರು, ಉತ್ತರ ಬಂತು. “ನಮ್ಮ ಮಾವನ ಊರವಾ ಇದು,” ಎಂದು ಕುರ್ಚಿಗೆ ಒರಗಿ, ಮಾವನ ಮನೆಯ ರೊಟ್ಟಿಯಿಂದ ಕಥೆ ಆರಂಭಿಸಿದರು. ಕಿರಿಯರು ಎರಡನೆಯ ಯಂತ್ರದಲ್ಲಿ ತಡಸ ಎಂದು ಬರೆದು ಕಾದರು. ಸರ್ವರು ಹಿರಿಯರ ಮುಂದಿನ ಪ್ರಶ್ನೆಗಾಗಿ ಕೈಕಟ್ಟಿ ಕೂತಿತ್ತು.

“ಏನವಾ, ಸತ್ತೈತೇನು ಇದು?” ಎಂದರು ಕಿರಿಯರು, ಅಂಕಪಟ್ಟಿಯ ಮೇಲೆ ಪೆನ್ನೂರಿ.

“ಇಲ್ರಿ ಸರ್. ಒಳಗ ಮಂದಿ ಅದಾರ್ರಿ.”

ಪೆನ್ನು ಕದಲಲಿಲ್ಲ. ಕಥೆ ರೊಟ್ಟಿ ದಾಟಿ ಶೇಂಗಾ ಚಟ್ನಿಗೆ ಬಂದಿತ್ತು. ಹುಟ್ಟಿದಾಗಿನಿಂದ ಆಡದ ಮಾತನ್ನು ಹಿರಿಯರಿಗೆ ಆಡಿದೆ: “ಸರ್, ‘ಸಾಕು’ ಅಂತ ಬರದು ಏಳ್ರಿ.”

ಅವರು ನನ್ನನ್ನು ನೋಡಿ, ಒಂದೇ ಬೆರಳಿನಿಂದ ಆ ಪದ ಒತ್ತಿ, ಎದ್ದರು. ಮರುಕ್ಷಣ ಎರಡನೆಯ ಯಂತ್ರದ ಮೇಲೆ ತಡಸದ ದೂರ ಮೂಡಿತು.

“ಈ ಧೈರ್ಯಾನ ಪ್ರೋಗ್ರಾಮಿಗೂ ಒಂದೀಟು ಕೊಡವಾ,” ಎನ್ನುತ್ತ ಹಿರಿಯರೇ ಪಾಸು ಎಂದು ಬರೆಸಿದರು. ಸುಮ್ಮನೆ ಕೂತವರಿಗೆ ಐದೇ ನಿಮಿಷ ಎಂಬ ಸಾಲನ್ನು ನಿಂತಲ್ಲೇ ಸೇರಿಸಿದೆ.

ಮನೆಗೆ ಬಂದು ಹೇಳಿದಾಗ ಅಪ್ಪ ಅಂಕಗಳ ಸುದ್ದಿಯನ್ನೇ ಎತ್ತಲಿಲ್ಲ.

“ಕುಂತವರನ್ನ ಎಬ್ಬಿಸಿದೇನು?”

“ಹೂಂ ಅಪ್ಪ.”

“ಎದ್ದರೇನು?”

“ಎದ್ರು.”

“ಸಿಟ್ಟಿಗೇಳಲಿಲ್ಲ?”

“ಇಲ್ಲ.”

ಅಪ್ಪ ದನಿ ತಗ್ಗಿಸಿ ಹೇಳಿದ: “ನಾಳೆ ಶಿಗ್ಗಾಂವದವರು ಮಾತು ಕೇಳಾಕ ಬರ್ತಾರ. ನೀನ ಮುಂದ ಕುಂತು ಮಾತಾಡು. ಅವರನ್ನ ಎಬ್ಬಿಸೂದು ನನ್ನ ಕೈಲೆ ಆಗೂದಿಲ್ಲ.”