ಕಟ್ಟೆಕೊಪ್ಪಲಿನ ಮೇಲೆ ಇನ್ನೊಂದು ಸುತ್ತು

ಚನ್ನರಾಯಪಟ್ಟಣದ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ನನ್ನದೊಂದು ಕೊಬ್ಬರಿ ಮಂಡಿ. ಪಕ್ಕದ್ದು ಕಾಂತರಾಜುವಿನ ಫೋಟೋ ಸ್ಟುಡಿಯೋ. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಓದಿದ್ದಕ್ಕಿಂತ ಕೂತದ್ದೇ ಹೆಚ್ಚು. ಅವನ ವಿಷಯ ಬರೆಯೋಣವೆಂದರೆ ನನಗೆ ಮೊದಲು ನೆನಪಾಗುವುದು ಅವನು ಹತ್ತದೆ ಬಿಟ್ಟ ಏಣಿಗಳು.

ನಮ್ಮದು ತೆಂಗಿನ ಸೀಮೆ. ಮರದಿಂದ ಇಳಿಸಿದ ಕಾಯನ್ನು ಅಟ್ಟಕ್ಕೆ ತುಂಬಿ ಹೆಚ್ಚುಕಡಿಮೆ ಒಂದು ವರ್ಷ ಹಾಗೇ ಬಿಟ್ಟರೆ, ನೀರೆಲ್ಲ ಇಂಗಿ ಒಳಗೆ ಕೊಬ್ಬರಿ ಗಿಟುಕು ಗಡಗಡ ಆಡುತ್ತದೆ. ಅಟ್ಟ ಹತ್ತಿ ಕಾಯಿ ಕೆಳಕ್ಕೆ ಉರುಳಿಸುವುದು ಮನೆಯ ಹುಡುಗರ ಕೆಲಸ. ಕಾಂತರಾಜು ಮಾತ್ರ ಏಣಿಯ ಅರ್ಧಕ್ಕೆ ಹೋಗಿ ಕಣ್ಣು ಮುಚ್ಚಿ ನಿಂತುಬಿಡುತ್ತಿದ್ದ. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ಅವನ ಅಪ್ಪ ಚನ್ನಪ್ಪನವರು ಕೆಳಗಿನಿಂದ, "ಅಟ್ಟ ಹತ್ತಲಾರ್ದೋನು ಬೆಟ್ಟ ಹತ್ತಾನೇನ್ಲಾ?" ಎಂದು ಕೇರಿಗೆಲ್ಲ ಕೇಳುವಂತೆ ಕೂಗುತ್ತಿದ್ದರು. ಗಾದೆ ಸುಳ್ಳಾಗಲಿಲ್ಲ. ಸ್ಕೂಲಿನಿಂದ ಶ್ರವಣಬೆಳಗೊಳಕ್ಕೆ ಕರೆದುಕೊಂಡು ಹೋದಾಗ ನಾವೆಲ್ಲ ಬೆಟ್ಟ ಹತ್ತಿ ಗೊಮ್ಮಟನನ್ನು ನೋಡಿ ಬಂದೆವು. ಇವನು ಬೆಟ್ಟದ ಬುಡದಲ್ಲಿ ನಮ್ಮ ಚಪ್ಪಲಿ ಕಾಯ್ದ.

ಕೊಬ್ಬರಿ ಬಿಟ್ಟು ಕ್ಯಾಮೆರಾ ಹಿಡಿಯಲು ಅದೂ ಒಂದು ಕಾರಣ. ಕೆಲಸಗಾರನೇನೋ ಒಳ್ಳೆಯವನು. ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡು ಎಲ್ಲಿ ಮದುವೆಯಾದರೂ ಜನ ಅವನನ್ನು ಹುಡುಕಿಕೊಂಡು ಬರುತ್ತಿದ್ದರು. ಬೇರೆ ಫೋಟೋಗ್ರಾಫರುಗಳು ಛತ್ರದ ಬಾಲ್ಕನಿಯಿಂದ ಇಡೀ ಮಂಟಪ ಹಿಡಿಯುತ್ತಿದ್ದರೆ ಇವನು ಕೆಳಗೇ ಇರುತ್ತಿದ್ದ. ಯಾಕೆಂದು ಕೇಳಿದವರಿಗೆ, "ಮೇಲಿಂದ ತೆಗುದ್ರೆ ಬರೀ ತಲೆ ಕಾಣ್ತವೆ ಸಾ, ಮೊಕ ಬೇಕು ಅಂದ್ರೆ ನೆಲದ ಮೇಲಿರ್ಬೇಕು" ಎನ್ನುತ್ತಿದ್ದ. ಜನ ಅದನ್ನು ಕಲೆಯ ಮಾತೆಂದು ತಲೆದೂಗುತ್ತಿದ್ದರು. ನಿಜ ಗೊತ್ತಿದ್ದ ನಾನು ಅತ್ತ ತಿರುಗಿ ನಗುತ್ತಿದ್ದೆ.

ಒಮ್ಮೆ ಕಾಫಿ ಕುಡಿಯುತ್ತ ಅವನೇ ಹೇಳಿದ್ದ: "ಬಿದ್ದೋಯ್ತೀನಿ ಅಂತಲ್ಲ ಕಣ್ಲಾ ಷಡಕ್ಷರಿ ನನ್ ಭಯ. ನಾನೇ ಎಗರ್ಬುಡ್ತೀನೇನೋ ಅಂತ." ಆ ಮಾತು ಕೇಳಿದ ಮೇಲೆ ನಾನು ನಗುವುದನ್ನು ಸ್ವಲ್ಪ ಕಡಿಮೆ ಮಾಡಿದೆ.

ಡ್ರೋನ್ ಬಂದಾಗ ಬದುಕಿದೆ ಎಂದುಕೊಂಡ. ಅವನ ಮಗಳು ನಿಸರ್ಗ ಅದನ್ನು ಹಾರಿಸುವುದು ಕಲಿತಳು. ಈ ಡ್ರೋನ್ ಕಂಡರೆ ನನಗಾಗದು. ಅಕ್ಷತೆ ಹಾಕಬೇಕಾದ ಜನ ಹೆಣ್ಣುಗಂಡನ್ನು ಬಿಟ್ಟು ಬಾಯಿ ತೆರೆದು ಆಕಾಶ ನೋಡುತ್ತಿರುತ್ತಾರೆ. ಆದರೆ ಕಾಂತರಾಜುವಿಗೆ ಅದು ದೇವರು ಕೊಟ್ಟ ವರವಾಯಿತು. ಮಗಳ ಕೈಯಲ್ಲಿನ ಪರದೆಯಲ್ಲಿ ತೆಂಗಿನ ತೋಟ ಮೇಲಿನಿಂದ ಕಂಡರೂ ಅವನು ಪಕ್ಕದ ಗೋಡೆ ಹಿಡಿದುಕೊಳ್ಳುತ್ತಿದ್ದ, ಅದು ಬೇರೆ ಮಾತು.

ಹೀಗೆ ನಿಶ್ಚಿಂತೆಯಿಂದ ಮುದುಕನಾಗಬೇಕಿದ್ದವನನ್ನು ಗಾಳಿಗೆ ಹತ್ತಿಸಿದ್ದು ಅವನ ತಾಯಿ ಕಾಮಾಕ್ಷಮ್ಮ.

ಕಾಮಾಕ್ಷಮ್ಮನ ತವರು ಕಟ್ಟೆಕೊಪ್ಪಲು. ಈಗ ಆ ಊರಿಲ್ಲ. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿದಾಗ ಹಿನ್ನೀರಿನಲ್ಲಿ ಮುಳುಗಿತು. ಚಿಕ್ಕವರಿದ್ದಾಗ ಬೇಸಿಗೆ ರಜೆಗೆ ಕಾಂತರಾಜು ಅಲ್ಲಿಗೆ ಹೋಗುತ್ತಿದ್ದ, ಎರಡು ಸಲ ನನ್ನನ್ನೂ ಎಳೆದುಕೊಂಡು ಹೋಗಿದ್ದ. ಬಸ್ಸಿಳಿದು ಹೊಳೆ ದಂಡೆಯಲ್ಲಿ ನಡೆದರೆ ಮೊದಲು ಕೆಂಚಮ್ಮನ ಗುಡಿ, ಆಮೇಲೆ ಸೇದುವ ಬಾವಿ, ಬಾವಿ ದಾಟಿದರೆ ಅವನ ಅಜ್ಜಿಯ ಮನೆ. ಅಜ್ಜಿ ಬಾಗಿಲಲ್ಲೇ ಕಾಲಿಗೆ ನೀರು ಕೊಟ್ಟು, ಒಳಗೆ ಕೂರಿಸಿ, ಬಿಸಿ ಮುದ್ದೆಗೆ ಅವರೆಕಾಳಿನ ಉಪ್ಪೆಸರು ಬಿಡುತ್ತಿದ್ದಳು. ನಮ್ಮ ಮನೆಯಲ್ಲೂ ಅದೇ ಮುದ್ದೆ, ಅದೇ ಕಾಳು; ಆ ರುಚಿ ಮಾತ್ರ ಮತ್ತೆ ಎಲ್ಲೂ ಸಿಗಲಿಲ್ಲ. ಇದನ್ನು ಬರೆಯುವಾಗಲೂ ನನ್ನ ಬಾಯಲ್ಲಿ ನೀರೂರುತ್ತಿದೆ, ಕಣ್ಣಲ್ಲೂ ಸ್ವಲ್ಪ.

ಊರು ಖಾಲಿ ಮಾಡುವ ಹೊತ್ತಿಗೆ ಕಾಮಾಕ್ಷಮ್ಮನ ಅತ್ತೆ ಹಾಸಿಗೆ ಹಿಡಿದಿದ್ದರು. ಅವರನ್ನು ಬಿಟ್ಟು ಹೊರಡುವಂತಿರಲಿಲ್ಲ. ಅಣ್ಣಂದಿರು ಮನೆಯ ಹೆಂಚು, ತೊಲೆ, ಬಾಗಿಲು ಎಲ್ಲ ಬಿಚ್ಚಿ ಗಾಡಿಗೆ ಹೇರಿಕೊಂಡು ಸರ್ಕಾರ ಕೊಟ್ಟ ಹೊಸ ಜಾಗಕ್ಕೆ ಹೋದರು. ಇವರು ಹೋಗಿ ನೋಡುವ ವೇಳೆಗೆ ಅಲ್ಲಿ ನೀರು ನಿಂತಿತ್ತು. "ಅಬ್ಬಕ್ಕೆ ಬತ್ತೀನಿ ಕಣವ್ವಾ ಅಂತ ಬಂದೋಳು, ಮತ್ತೆ ಓಗ್ಲೇ ಇಲ್ಲ. ಆ ಮನೆಗೆ ಓಗ್ಬತ್ತೀನಿ ಅಂತ ಏಳಿ ಬರ್ಲಿಲ್ಲ ನಾನು" ಎಂದು ಅವರು ನನ್ನ ಮುಂದೆಯೇ ಎಷ್ಟೋ ಸಲ ಹೇಳಿದ್ದಾರೆ. ಹೆಣ್ಣುಮಗಳು ತವರಿಗೆ ಹೇಳದೆ ಬರುವುದುಂಟೇ? ಇಷ್ಟು ವರ್ಷವಾದರೂ ಅದು ಅವರ ಎದೆಯಲ್ಲಿ ಮುಳ್ಳು ಮುರಿದ ಹಾಗೆ ಉಳಿದಿತ್ತು.

ಮಳೆ ಕೈಕೊಟ್ಟ ವರ್ಷದ ಮರು ಬೇಸಿಗೆಯಲ್ಲಿ ಹಿನ್ನೀರು ಇಳಿಯಿತು. ಇಳಿದೂ ಇಳಿದೂ ಕಟ್ಟೆಕೊಪ್ಪಲು ಮೇಲೆದ್ದಿದೆ ಎಂಬ ಸುದ್ದಿ ಬಂತು. ಕಾಮಾಕ್ಷಮ್ಮನ ಒಂದು ಕಣ್ಣು ಆಗಲೇ ಹೋಗಿತ್ತು. ಇನ್ನೊಂದು ಹೆಚ್ಚು ದಿನ ನಿಲ್ಲುವುದಿಲ್ಲ ಎಂದು ಹಾಸನದ ಡಾಕ್ಟರು ಹೇಳಿದ್ದರು. ಆ ಕೆಸರಿನಲ್ಲಿ ಅವರನ್ನು ನಡೆಸಿಕೊಂಡು ಹೋಗುವುದು ಆಗದ ಮಾತು. ಅವರು ಮಗನನ್ನು ಕೂರಿಸಿಕೊಂಡು, "ಮಳೆ ಬಂದ್ರೆ ಅದು ಮುಳುಗ್ತದೆ, ನನ್ ಕಣ್ಣೂ ಮುಳುಗ್ತದೆ. ಅಷ್ಟ್ರೊಳಗೆ ಒಂದ್ಸಲ ನಮ್ಮನೆ ತೋರ್ಸು ಮಗಾ" ಅಂದರು.

ಕಾಂತರಾಜು ಮರುದಿನವೇ ಹೋದ. ಮೊಣಕಾಲುದ್ದ ಕೆಸರಿನಲ್ಲಿ ನಡೆದು ರಾಶಿ ಫೋಟೋ ತಂದ. ಎಲ್ಲದರಲ್ಲೂ ಕಲ್ಲು, ಬಿರಿದ ಮಣ್ಣು. ಕಾಮಾಕ್ಷಮ್ಮ ಒಂದೊಂದನ್ನೂ ಕಣ್ಣಿಗೆ ಒತ್ತಿ ಹಿಡಿದು, "ಇದ್ಯಾರ ಮನೆ ಕಲ್ಲೋ, ನಮ್ದೇನಾ?" ಎಂದು ಕೇಳಿ ಕೆಳಗಿಟ್ಟರು. ಬೀದಿಯೇ ಕಾಣದಿದ್ದರೆ ಊರು ಕಾಣುವುದು ಹೇಗೆ? ಮೇಲಿನಿಂದ ತೆಗೆಯಬೇಕಿತ್ತು. ನಿಸರ್ಗ ಡ್ರೋನ್ ತೆಗೆದುಕೊಂಡು ಹೋದರೆ ಅಣೆಕಟ್ಟಿನ ಕಾವಲಿನವರು ಇಲ್ಲಿ ಹಾರಿಸುವಂತಿಲ್ಲ ಎಂದು ವಾಪಸ್ ಕಳಿಸಿದರು. ಅವರ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ, ಆದರೆ ಕಾನೂನು ಅವರದ್ದೇ ಸರಿ.

ಆಗ ಧರ್ಮೇಂದ್ರ ಎಂಬವನ ಫೋನು ಬಂತು. ಜಿಲ್ಲೆಯ ಮೇಲೊಂದು ಚಿತ್ರ ಮಾಡಲು ಬಂದಿದ್ದ ತಂಡದ ಮ್ಯಾನೇಜರ್ ಅವನು. ಹಾಸನದಿಂದ ಹೆಲಿಕಾಪ್ಟರ್, ಎಲ್ಲ ಪರ್ಮಿಷನ್ನೂ ಇದೆ, ಹಿನ್ನೀರಿನ ಮೇಲೂ ಹಾರುವುದಿದೆ, ಆದರೆ ಅವರ ಫೋಟೋಗ್ರಾಫರ್ ಜ್ವರ ಬಂದು ಮಲಗಿದ್ದಾನೆ. ನಾಳೆ ಬೆಳಿಗ್ಗೆಗೆ ಕೈ ಪಳಗಿದವರೊಬ್ಬರು ಬೇಕಾಗಿತ್ತು. ಕಾಂತರಾಜು ಕುರ್ಚಿಯ ಹಿಡಿ ಹಿಡಿದುಕೊಂಡು, "ಆಗಕಿಲ್ಲ ಸಾ, ನನಗಲ್ಲ ಅದು" ಎಂದು ಇಟ್ಟುಬಿಡುವುದರಲ್ಲಿದ್ದ. ನಾನು ಫೋನು ಕಿತ್ತುಕೊಂಡು, "ಬತ್ತಾನೆ ಬಿಡಿ ಸಾ" ಅಂದೆ. ಕಟ್ಟೆಕೊಪ್ಪಲಿನ ಮೇಲೆ ಹಾರಬೇಕು, ಅದರದೊಂದು ಚಿತ್ರ ನಮಗೂ ಕೊಡಬೇಕು ಎಂದು ಅವನಿಂದ ಮಾತು ತೆಗೆದುಕೊಂಡೆ.

"ನಿನ್ನನ್ನ ಕೇಳಿದ್ನಾ ನಾನು?" ಎಂದು ಕಾಂತರಾಜು ನನ್ನ ಮೇಲೆ ಹಾರಿಬಿದ್ದ.

"ನಾನ್ ಓಗ್ತೀನಿ ಬಿಡಪ್ಪ, ಫೋಟೋ ತಾನೇ" ಅಂದಳು ನಿಸರ್ಗ.

ಅವನು ಮಗಳನ್ನು ನೋಡಿದ. "ನೀನು ಆ ಊರ ಕಂಡಿದ್ದೀಯೇನವ್ವ? ಅಷ್ಟೂ ಮುಳುಗಿರೋ ಊರ್ಗಳೇ ಅಲ್ಲಿ. ಅಷ್ಟೆತ್ತರದಿಂದ ಕಟ್ಟೆಕೊಪ್ಪಲು ಯಾವ್ದು ಅಂತ ಗುರ್ತು ಸಿಕ್ಕಾದು ನನಗೊಬ್ಬನಿಗೇ" ಎಂದ. ಹೇಳಿ ಮುಗಿಸಿದ ಮೇಲೆ ತಾನು ಏನು ಹೇಳಿದೆನೆಂದು ಅವನಿಗೇ ಅರಿವಾಗಿ ಮುಖ ಬೆಳ್ಳಗಾಯಿತು.

ಬೆಳಿಗ್ಗೆ ಇಬ್ಬರೂ ಕಾರಿನಲ್ಲಿ ಹಾಸನಕ್ಕೆ ಹೊರಟೆವು. ಉದಯಪುರದ ಹತ್ತಿರ ಕಾಂತರಾಜು ಕಾರು ನಿಲ್ಲಿಸಿ ವಾಂತಿ ಮಾಡಿದ. ಹೆಲಿಕಾಪ್ಟರಿನ ಒಂದು ಕಡೆಯ ಬಾಗಿಲನ್ನು ಫೋಟೋಗೆಂದು ತೆಗೆದೇ ಹಾಕಿದ್ದರು. ಅದನ್ನು ನೋಡಿ ನಾನೇ ಅವನ ತೋಳು ಹಿಡಿದು ನಿಲ್ಲಿಸಿದೆ. "ಬ್ಯಾಡ ಅಂದ್ರೆ ಬ್ಯಾಡ ಕಣ್ಲಾ, ವಾಪಸ್ ಓಗೋಣ" ಅಂದೆ. ಅವನು ನನ್ನನ್ನು ದಾಟಿ ಹೋಗಿ ಹತ್ತಿ ಕೂತ. ಬೆಲ್ಟು ಬಿಗಿದರು. ಅವನ ಕಣ್ಣು ಆಗಲೇ ಮುಚ್ಚಿದ್ದವು.

ಮೇಲೆ ನಡೆದದ್ದನ್ನು ನಾನು ಕಂಡಿಲ್ಲ. ಪಕ್ಕದಲ್ಲಿ ಕೂತಿದ್ದ ಧರ್ಮೇಂದ್ರ ಅರ್ಧ ಹೇಳಿದ, ಕಾಂತರಾಜು ಅರ್ಧ ಹೇಳಿದ.

ಮೊದಲಿಗೆ ಕಣ್ಣು ಮುಚ್ಚಿಕೊಂಡೇ ಕ್ಯಾಮೆರಾ ಹೊರಕ್ಕೆ ಹಿಡಿದು ಗುಂಡಿ ಒತ್ತಿದನಂತೆ. ಆ ಫೋಟೋಗಳನ್ನು ಆಮೇಲೆ ನಾನು ನೋಡಿದೆ: ಒಂದರಲ್ಲಿ ಬರೀ ಆಕಾಶ, ಇನ್ನೊಂದರಲ್ಲಿ ಅವನದೇ ಮೊಣಕಾಲು. ಯಾರೋ ತನ್ನನ್ನು ಹೊರಕ್ಕೆ ಎಳೆದ ಹಾಗಾಗುತ್ತಿತ್ತಂತೆ. ಬಾಯಲ್ಲಿ ಒಂದೇ ಸಮನೆ ಅವ್ವಾ ಅವ್ವಾ. ಹಿನ್ನೀರಿನ ಮೇಲೆ ಬಂದಾಗ ಧರ್ಮೇಂದ್ರ ಭುಜ ತಟ್ಟಿ, "ಸಾರ್, ನೀವು ಹೇಳಿದ ಊರು ಇಲ್ಲೇ ಎಲ್ಲೋ ಬರ್ಬೇಕು, ನೋಡಿ" ಅಂದ.

ಕಾಂತರಾಜು ಕಣ್ಣು ತೆರೆದ. ಕೆಳಗೆ ಕೆಂಪು ಮಣ್ಣಿನಲ್ಲಿ ಯಾರೋ ರಂಗೋಲಿ ಎಳೆದಂತೆ ಬೀದಿ, ಓಣಿ, ಪಾಯ. ಹೊಳೆಯ ಕಡೆಗೆ ಒಂದು ಚೌಕದ ಕಲ್ಲುಕಟ್ಟೆ. ಕೆಂಚಮ್ಮನ ಗುಡಿ! ದೇವರನ್ನು ಹೊಸ ಊರಿಗೆ ಒಯ್ದು ಎಷ್ಟೋ ವರ್ಷವಾಗಿದೆ, ಅಲ್ಲಿರುವುದು ಬರಿಯ ಕಟ್ಟೆ. ಆದರೆ ಬಸ್ಸಿನಲ್ಲಿ ಹೋಗುವಾಗ ಗುಡಿ ಕಂಡರೆ ಕೈ ತಾನಾಗೇ ಎದ್ದುಬರುವ ಜನ ನಾವು. ಅದರ ಮೇಲೆ ಇವನಿಗೆ ಇನ್ನೊಂದು ಹೊಳೆಯಿತು: ದೇವಿಯ ನೆತ್ತಿಯ ಮೇಲೆ ಚಪ್ಪಲಿ ಹಾಕಿಕೊಂಡು ಕೂತಿದ್ದೇನೆ! ತಕ್ಷಣ ಬಗ್ಗಿ ಚಪ್ಪಲಿ ಬಿಚ್ಚಿ ಸೀಟಿನ ಕೆಳಗೆ ತಳ್ಳಿ, ಹಿಡಿದಿದ್ದ ಕಂಬಿಯನ್ನೂ ಕ್ಯಾಮೆರಾವನ್ನೂ ಬಿಟ್ಟು, ಎರಡೂ ಕೈ ಜೋಡಿಸಿ, "ತಪ್ಪಾಯ್ತು ಕಣವ್ವಾ ತಾಯೀ" ಎಂದು ಕಣ್ಣು ಮುಚ್ಚಿದ.

ಕಣ್ಣು ತೆರೆದಾಗ ಕೆಳಗೆ ನೀರು. ಊರು ಹಿಂದಕ್ಕೆ ಹೋಗಿತ್ತು. ಕ್ಯಾಮೆರಾ ಕೊರಳಲ್ಲಿ ಹಾಗೇ ನೇತಾಡುತ್ತಿತ್ತು. ಒಂದೇ ಒಂದು ಫೋಟೋ ಇಲ್ಲ.

"ಸಾರ್, ಬಂತಾ?" ಎಂದು ಧರ್ಮೇಂದ್ರ ಕೇಳಿದ.

ಕಾಂತರಾಜು ಅವನ ತೋಳು ಹಿಡಿದುಕೊಂಡ. "ಸಾ, ನಿಮ್ ದಮ್ಮಯ್ಯ, ವಾಪಸ್ ತಿರುಗ್ಸಿ. ಇನ್ನೊಂದ್ ಸುತ್ತು. ಸ್ವಲ್ಪ ಕೆಳಗೆ, ಈ ಕಡೆಗೆ ವಾಲಿಸ್ಕಂಡು!"

ವಾಲಿದಾಗ ಬಾಗಿಲಿಲ್ಲದ ಆ ಕಡೆ ನೇರ ನೆಲವೇ ಕಾಣುತ್ತದೆ. ಏಣಿಯ ಅರ್ಧಕ್ಕೆ ಕಲ್ಲಾಗುತ್ತಿದ್ದ ಈ ಮನುಷ್ಯ ಬೆಲ್ಟಿನ ಮೇಲೆ ಭಾರ ಬಿಟ್ಟು, ಅರ್ಧ ಮೈ ಹೊರಗೆ ಹಾಕಿ ಫೋಟೋ ತೆಗೆದ. "ಭಯ ಇರ್ಲಿಲ್ವೇನೋ?" ಎಂದು ಆಮೇಲೆ ಕೇಳಿದೆ. "ಇರ್ದೆ ಏನು? ಅಲ್ಲೇ ಇತ್ತು. ಆದ್ರೆ ಇನ್ನೊಂದ್ ಸಲ ತಪ್ಪೋದ್ರೆ ಅವ್ವನ ಮೊಕ ಎಂಗೆ ನೋಡ್ಲಿ ಅನ್ನೋದು ಅದಕ್ಕಿಂತ ದೊಡ್ದಾಗಿತ್ತು" ಅಂದ. ಇಳಿದು ಬಂದವನು ಬರಿಗಾಲಲ್ಲೇ ನೆಲದ ಮೇಲೆ ಕೂತು ಚಿಕ್ಕ ಮಗುವಿನ ಹಾಗೆ ಅತ್ತ. ನಾನೂ ಪಕ್ಕದಲ್ಲಿ ಕೂತೆ. ಅವನ ಮೇಲೆ ಅಷ್ಟು ಪ್ರೀತಿ ನನಗೆ ಎಂದೂ ಉಕ್ಕಿರಲಿಲ್ಲ.

ಧರ್ಮೇಂದ್ರ ಮಾತಿಗೆ ತಪ್ಪದೆ ಆ ಚಿತ್ರವನ್ನು ಕೊಟ್ಟ. ನಿಸರ್ಗ ಅದನ್ನು ಊಟದೆಲೆಯಷ್ಟು ದೊಡ್ಡದಾಗಿ ಪ್ರಿಂಟ್ ಹಾಕಿಸಿದಳು. ಜಗುಲಿಯ ಬೆಳಕಿನಲ್ಲಿ ಕಾಮಾಕ್ಷಮ್ಮನ ಮುಂದೆ ಹರಡಿದಳು. ಅವರು ಚಿತ್ರವನ್ನು ಬುಡಮೇಲು ತಿರುಗಿಸಿದರು. "ಅಜ್ಜಿ, ಉಲ್ಟಾ ಆಯ್ತು" ಎಂದಳು ನಿಸರ್ಗ.

"ಇಲ್ಲ ಕಣೇ, ನಾವು ಊರೊಳಕ್ಕೆ ಬರಾದು ಒಳೆ ಕಡೆಯಿಂದ" ಎಂದು ಕಾಮಾಕ್ಷಮ್ಮ ಬೆರಳಿಟ್ಟರು. ಬೆರಳು ನಡೆಯತೊಡಗಿತು. "ಇದು ಕೆಂಚಮ್ಮ. ಇದು ನಮ್ ಮಲ್ಲಿಗಮ್ಮನ ಮನೆ, ಯಾವಾಗ್ಲೂ ಬೀದಿ ತುಂಬ ಮೆಣಸಿನಕಾಯಿ ಒಣಾಕೋಳು. ಇದು ಬಾವಿ." ಬಾವಿ ದಾಟಿದ ಮೇಲೆ ಬೆರಳು ನಿಂತಿತು. ಅವರು ಬಗ್ಗಿ, ಆ ಒಂದು ಕಣ್ಣನ್ನು ಚಿತ್ರಕ್ಕೆ ಮುಟ್ಟುವಷ್ಟು ಹತ್ತಿರ ತಂದರು. "ಇದೇ ಕಣ್ರೋ. ಇದು ನಡುಮನೆ. ಇಲ್ಲೇ ನಮ್ಮವ್ವ ಕೂರೋಳು." ಚಿತ್ರದ ಮೇಲೆ ಹನಿ ಬಿತ್ತು, ಸೆರಗಿನಿಂದ ಒರೆಸಿದರು, ಮತ್ತೆ ಬಿತ್ತು. ಚನ್ನಪ್ಪನವರು ಎದ್ದು ಹೋಗಿ ಹೆಂಡತಿಯ ಪಕ್ಕ ಕೂತರು.

ತುಂಬ ಹೊತ್ತಾದ ಮೇಲೆ ಕಾಮಾಕ್ಷಮ್ಮ ಗೋಡೆ ಹಿಡಿದು ಎದ್ದು ನಿಂತರು. ಸೆರಗನ್ನು ಎರಡೂ ಕೈಯಲ್ಲಿ ಅಗಲವಾಗಿ ಒಡ್ಡಿ, "ಅದನ್ನ ನನ್ ಮಡಿಲಿಗೆ ಹಾಕು" ಎಂದು ಮಗನಿಗೆ ಹೇಳಿದರು. ತವರಿನಿಂದ ಹೊರಡುವ ಹೆಣ್ಣಿಗೆ ಮಡಿಲಕ್ಕಿ ತುಂಬುವಾಗ ಹೀಗೆಯೇ ಸೆರಗೊಡ್ಡುತ್ತಾರೆ. ತುಂಬುವುದು ಹೆಂಗಸರು. "ನಾನಾಕ್ಬೋದೇನವ್ವ, ಗಂಡಸು?" ಎಂದು ಕಾಂತರಾಜು ಹಿಂಜರಿದ.

"ಅಲ್ಲೀಗಂಟ ಓಗಿ ತಂದೋನು ನೀನು. ನೀನೇ ಹಾಕು."

ಅವನು ಚಿತ್ರವನ್ನು ಸುರುಳಿ ಸುತ್ತಿ, ಅದರ ಮೇಲೊಂದು ತೆಂಗಿನಕಾಯಿಟ್ಟು ತಾಯಿಯ ಸೆರಗಿಗೆ ಹಾಕಿದ. ಕಾಮಾಕ್ಷಮ್ಮ ಅದನ್ನು ಎದೆಗೆ ಅವುಚಿಕೊಂಡು, ನಮ್ಮಲ್ಲಿ ಯಾರನ್ನೂ ನೋಡದೆ, "ಓಗ್ಬತ್ತೀನಿ ಕಣವ್ವಾ" ಅಂದರು.